ಎರಡನೆಯ ಬಂಗುಡೆ

ಮನುಷ್ಯ ತನ್ನ ಪಾಲಿಗಿಂತ ಕಡಿಮೆ ಸಿಕ್ಕಿದರೆ ಊರೆಲ್ಲ ಒಂದು ಮಾಡುತ್ತಾನೆ. ಹೆಚ್ಚು ಸಿಕ್ಕಿದರೆ ತುಟಿಪಿಟಕ್ಕೆನ್ನುವುದಿಲ್ಲ. ನನ್ನ ಬಟ್ಟಲಿಗೆ ಒಂದು ಬಂಗುಡೆ ಮೀನಿನ ಬದಲು ಎರಡು ಬೀಳತೊಡಗಿ ಒಂದು ತಿಂಗಳಾದರೂ, ಯಾಕೆ ಹೀಗೆ ಎಂದು ನಾನು ಕೇಳಲಿಲ್ಲ. ಕೇಳುವುದೇಕೆ? ನನಗೆ ವಯಸ್ಸಾಯಿತು, ತಲೆಯಲ್ಲಿ ಬಿಳಿ ಕೂದಲು ಬಂತು, ಮನೆಯವರಿಗೆ ಕೊನೆಗೂ ನನ್ನ ಮೇಲೆ ಗೌರವ ಹುಟ್ಟಿತು ಎಂದುಕೊಂಡೆ. ಗೌರವವನ್ನು ಮುಳ್ಳು ಬಿಡಿಸಿ ತಿನ್ನುತ್ತಾ ಹೋದೆ.

ಈ ಗೌರವದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಆಗ ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ನಾನು ಹುಟ್ಟಿದ್ದು ಕಾವೂರಿನ ಕೆರೆಯ ಬದಿಯಲ್ಲಿ, ಗದ್ದೆ ಬೇಸಾಯದ ಮನೆಯಲ್ಲಿ. ಮದುವೆಯಾದ ಮೇಲೆ ಕಾರ್ಖಾನೆಗೆ ಹತ್ತಿರವೆಂದು ಜೆಪ್ಪುವಿನ ಹೆಂಡತಿಯ ಮನೆಯಲ್ಲಿಯೇ ನಿಂತೆ. ನಮ್ಮದು ಅಳಿಯಸಂತಾನದ ಪದ್ಧತಿ. ಮನೆತನ ಹೆಣ್ಣಿನಿಂದ ಹೆಣ್ಣಿಗೆ ಹೋಗುತ್ತದೆ. ಆದ್ದರಿಂದ ಆ ಮನೆ ನನ್ನ ಅತ್ತೆಯದು, ಅವರ ನಂತರ ನನ್ನ ಹೆಂಡತಿಯದು, ಆಮೇಲೆ ನಮ್ಮ ಒಬ್ಬಳೇ ಮಗಳು ವಾರಿಜಳದು. ಇದರ ನಡುವೆ ನಾನೆಲ್ಲಿ ಎಂದು ನೀವು ಕೇಳಿದರೆ, ಜಗಲಿಯಲ್ಲಿ. ಅತ್ತೆ ನನ್ನನ್ನು ಎಂದೂ ಅಗೌರವದಿಂದ ಕಂಡವರಲ್ಲ. ಜಗಲಿಯ ಕಂಬಗಳನ್ನು ಕಾಣುವಷ್ಟೇ ಗೌರವದಿಂದ ನನ್ನನ್ನೂ ಕಾಣುತ್ತಿದ್ದರು. ಮೀನು ಹುರಿದು ಪಾಲು ಹಾಕುವವರು ಅವರು, ಬಡಿಸುವವಳು ವಾರಿಜ, ತಿನ್ನುವವನು ನಾನು.

ಮೀನಿನ ಬಗ್ಗೆ ನನಗಿರುವ ಭಕ್ತಿಯನ್ನು ನೀವು ನನ್ನೊಬ್ಬನ ದೌರ್ಬಲ್ಯವೆಂದು ತಿಳಿಯಬಾರದು. ಮಂಗಳೂರಿನಲ್ಲಿ ಇಬ್ಬರು ಎದುರಾದರೆ ಆರೋಗ್ಯ ವಿಚಾರಿಸುವ ಮೊದಲು, "ಇವತ್ತು ಎಂತ ಪದಾರ್ಥ?" ಎಂದು ಕೇಳುತ್ತಾರೆ. ತರ್ಕ ಓದಿದ ಪಂಡಿತರು ಜಗತ್ತಿನಲ್ಲಿ ಪದಾರ್ಥಗಳು ಏಳು ಎನ್ನುತ್ತಾರೆ. ದ್ರವ್ಯ, ಗುಣ, ಕರ್ಮ ಎಂದು ಏನೇನೋ ಎಣಿಸುತ್ತಾರೆ. ನಮ್ಮಲ್ಲಿ ಪದಾರ್ಥವೆಂದರೆ ಕುಚ್ಚಲಕ್ಕಿ ಅನ್ನದ ಜೊತೆಗೆ ಇರುವಂಥದ್ದು. ಬಂಗುಡೆ, ಭೂತಾಯಿ, ನಂಗ್, ಕಾಣೆ, ಮಾಂಜಿ, ಸಿಗಡಿ, ಮರುವಾಯಿ: ನೋಡಿ, ನಮ್ಮ ಲೆಕ್ಕದಲ್ಲೂ ಏಳೇ ಬಂತು. ಸೋಮವಾರ, ಸಂಕ್ರಾಂತಿಗಳಂದು ಮನೆಯಲ್ಲಿ ಮೀನಿಲ್ಲ. ಆ ದಿನ ಯಾರಾದರೂ ಪದಾರ್ಥ ಕೇಳಿದರೆ, "ಎಂತದೂ ಇಲ್ಲ ಮಾರಾಯ" ಎನ್ನಬೇಕು. ಬಸಳೆ, ಮಂಗಳೂರು ಸೌತೆ, ಹಲಸಿನ ಬೀಜ ಇವೆಲ್ಲ ಹೊಟ್ಟೆ ತುಂಬ ತಿಂದು ತೇಗಿದರೂ ಎಂತದೂ ಅಲ್ಲ.

ಇಂಥ ಊರಿನಲ್ಲಿ, ಇಂಥ ಮನೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ ನಾನು ಜಗಲಿಯಲ್ಲಿ ಕುಳಿತು ಉಳ್ಳಾಲದ ಪೂವಕ್ಕನ ದಾರಿ ಕಾಯುತ್ತಿದ್ದೆ. ಪೂವಕ್ಕ ದೋಣಿಯಲ್ಲಿ ಹೊಳೆ ದಾಟಿ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಮ್ಮ ಮನೆಗೆ ಬರುವವಳು. ವಾರಿಜ ಬಂದು ಕಂಬಕ್ಕೆ ಒರಗಿ ನಿಂತಳು.

"ಅಪ್ಪ, ಒಂದು ಮಾತು ಉಂಟು. ಸಿಟ್ಟು ಮಾಡ್ಬಾರ್ದು."

ಹದಿನೈದು ವರ್ಷದ ಹೆಣ್ಣುಮಗಳು ಹೀಗೆ ಪೀಠಿಕೆ ಹಾಕಿದರೆ ಯಾವ ತಂದೆಯ ಎದೆಯೂ ಧಸಕ್ಕೆನ್ನಬೇಕು.

"ನಾನು ಇನ್ನು ಮೀನು ತಿನ್ನುದಿಲ್ಲ. ಕೋಳಿಯೂ ಬೇಡ, ಮೊಟ್ಟೆಯೂ ಬೇಡ."

"ಬಂಗುಡೆ?" ಎಂದೆ ನಾನು, ಬಂಗುಡೆ ಮೀನಿನ ಜಾತಿಗೆ ಸೇರಿದ್ದಲ್ಲವೇನೋ ಎಂಬಂತೆ.

"ನನ್ನ ಪಾಲಿನದನ್ನೇ ಅಲ್ವಾ ಇಷ್ಟು ದಿನ ನಿಮ್ಮ ಬಟ್ಟಲಿಗೆ ಹಾಕಿದ್ದು!"

ನನ್ನ ಗೌರವ ಅಲ್ಲಿಯೇ ಮುಗಿಯಿತು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಮೊದಲು ಹೊಳೆದದ್ದು ಮಗಳ ಚಿಂತೆಯಲ್ಲ. ಇನ್ನು ಮುಂದೆ ಪಾಲು ಹಾಕುವಾಗಲೇ ಒಂದು ಮೀನು ಕಡಿಮೆಯಾಗುತ್ತದಲ್ಲ ಎಂಬ ಚಿಂತೆ. ಅದಾದ ಮೇಲೆ ತಂದೆಯ ಬುದ್ಧಿ ಎಚ್ಚರವಾಯಿತು. ಹೊಟ್ಟೆ ಸರಿ ಇಲ್ಲವೇ? ಶಾಲೆಯ ಟೀಚರು ಏನಾದರೂ ಹೇಳಿದರೇ? ಚರಕ ತಿರುಗಿಸುವವರ ಜೊತೆ ಸೇರಿದಳೇ? ಮೀನು ತಿನ್ನದ ಮನೆಯ ಹುಡುಗಿಯೊಬ್ಬಳು ಇವಳ ಪಕ್ಕದಲ್ಲಿ ಕೂರುತ್ತಾಳೆಂದು ಕೇಳಿದ್ದೆ, ಅವಳು ಮೂಗು ಮುಚ್ಚಿಕೊಂಡಳೇ? ಒಂದೊಂದಾಗಿ ಕೇಳಿದೆ. ಎಲ್ಲದಕ್ಕೂ ಅಲ್ಲವೆಂದು ತಲೆಯಾಡಿಸಿದಳು. ಮಕ್ಕಳು ತಾವಾಗಿಯೇ ಯೋಚಿಸಿರಬಹುದು ಎಂಬುದು ತಂದೆ ತಾಯಿಯರಿಗೆ ಹೊಳೆಯುವ ಕೊನೆಯ ಕಾರಣ.

ಅವಳೇ ಹೇಳಿದಳು. ರಜೆಯಲ್ಲಿ ಪೂವಕ್ಕ ಅವಳನ್ನು ರಂಪಣಿ ಬಲೆ ಎಳೆಯುವುದನ್ನು ನೋಡಲು ಉಳ್ಳಾಲಕ್ಕೆ ಕರೆದುಕೊಂಡು ಹೋಗಿದ್ದಳು. ಕಡಲಿನಿಂದ ದಡಕ್ಕೆ ಊರಿನವರೆಲ್ಲ ಸೇರಿ ಎಳೆಯುವ ದೊಡ್ಡ ಬಲೆ ಅದು. ಬಲೆ ಹತ್ತಿರ ಬಂದಂತೆ ಎಲ್ಲರೂ ಕೂಗಿದರು, ಇವಳೂ ಕೂಗಿದಳು. ಮರಳಿನ ಮೇಲೆ ರಾಶಿ ರಾಶಿ ಬಂಗುಡೆ ಮಿಂಚುತ್ತಾ ಹಾರುತ್ತಿತ್ತು. "ಎಲ್ಲರೂ ಕೂಗ್ತಾ ಇದ್ರು ಅಪ್ಪ. ಅವು ಮಾತ್ರ ಬಾಯಿ ಬಿಡ್ತಾ ಇದ್ವು, ಮುಚ್ತಾ ಇದ್ವು. ಬಾಯಿ ಉಂಟು, ಸ್ವರ ಇಲ್ಲ. ಆಮೇಲೆ ನನಗೆ ತಿನ್ಲಿಕ್ಕೆ ಆಗ್ಲಿಲ್ಲ. ಪೂವಕ್ಕನ ಮೇಲೆ ನನಗೆ ಸಿಟ್ಟಿಲ್ಲ, ನಿಮ್ಮ ಮೇಲೂ ಇಲ್ಲ. ನನಗೆ ಬೇಡ, ಅಷ್ಟೇ."

ವಾದಕ್ಕೆ ಬಂದವರ ಜೊತೆ ವಾದಿಸಬಹುದು. ದೇವರೇ ಒಮ್ಮೆ ಮೀನಾಗಿ ಅವತರಿಸಿದ್ದು, ಅದೇ ದೇವರ ಭಕ್ತರಾದ ನಾವು ಮರುದಿನ ಮೀನಿನ ಪದಾರ್ಥಕ್ಕೆ ತೆಂಗಿನಕಾಯಿ ಅರೆಯುವುದು, ಇಂಥ ವಿಚಾರಗಳನ್ನು ನಾನು ಜಗಲಿಯಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲೆ. 'ನನಗೆ ಬೇಡ' ಎನ್ನುವವರ ಮುಂದೆ ಪಾಂಡಿತ್ಯ ಕೆಲಸಕ್ಕೆ ಬರುವುದಿಲ್ಲ.

"ಅಡ್ಡಿಯಿಲ್ಲ ಮಗಾ," ಎಂದೆ.

"ಹಾಗಾದ್ರೆ ಅಜ್ಜಿಗೆ ನೀವೇ ಹೇಳ್ಬೇಕು."

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ನನ್ನ ಕೊರಳಿಗೇ ಬಂತು. ಅತ್ತೆಗೆ ಹೇಳುವುದು ಯಾಕೆ ಕಷ್ಟ ಎಂಬುದಕ್ಕೆ ಒಂದು ಕಾರಣವಿತ್ತು. ಅದು ಬರೇ ಊಟದ ವಿಚಾರವಾಗಿರಲಿಲ್ಲ.

ನಮ್ಮಲ್ಲಿ ಆಟಿ ತಿಂಗಳಿನ ಮಳೆಯಲ್ಲಿ ಕುಲೆಗಳಿಗೆ, ಎಂದರೆ ಮನೆಯಲ್ಲಿ ತೀರಿಕೊಂಡವರಿಗೆ, ಎಲೆ ಬಡಿಸುವ ಕ್ರಮ ಉಂಟು. ಅವರವರಿಗೆ ಬದುಕಿದ್ದಾಗ ಏನು ಪ್ರೀತಿಯೋ ಅದನ್ನೇ ಮಾಡಿ, ಬಾಳೆಯೆಲೆಯಲ್ಲಿ ಬಡಿಸಿ, ದೀಪ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸೂಚನೆ ಕೊಟ್ಟು ಬಾಗಿಲು ತೆರೆದು, ಉಳಿದದ್ದನ್ನು ನಾವು ಉಣ್ಣಬೇಕು. ನಾನು ಮಾವನೆಂದು ಕರೆಯುತ್ತಿದ್ದ ಅತ್ತೆಯ ಅಣ್ಣನಿಗೆ ಕೋಳಿ ಪದಾರ್ಥವೂ ಒಂದು ಗೆರಟೆ ಕಳ್ಳೂ ಆಗಬೇಕಿತ್ತು. ಕಳ್ಳು ಕುಡಿಯಬೇಡಿರೆಂದು ಅಂಗಡಿಯ ಎದುರು ನಿಂತು ಭಾಷಣ ಮಾಡಿದವನು ನಾನು. ಆಟಿ ಬಂದರೆ ಅದೇ ಅಂಗಡಿಯ ಹಿಂಬಾಗಿಲಿನಿಂದ ಮಾವನಿಗಾಗಿ ಕಳ್ಳು ತರುವವನೂ ನಾನೇ. ಕುಲೆಗಳಿಗೆ ಭಾಷಣ ನಾಟುವುದಿಲ್ಲ.

ಈ ಅಡಿಗೆಗೆ ಒಂದು ಕಟ್ಟುನಿಟ್ಟು ಉಂಟು. ಎಲೆಗೆ ಬಡಿಸುವ ಮೊದಲು ಯಾರೂ ರುಚಿ ನೋಡಬಾರದು. ಉಪ್ಪು ಹಿಡಿಯಿತೇ ಎಂದು ಒಂದು ಹನಿ ನಾಲಿಗೆಗೆ ತಾಗಿಸಿದರೂ ಇಡೀ ಪಾತ್ರೆ ಎಂಜಲು. ಆ ದಿನ ನನ್ನನ್ನು ಅಡಿಗೆಮನೆಯ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ.

ಅತ್ತೆಯೋ ತಮ್ಮ ಎಲೆಯ ವಿಚಾರವನ್ನು ಮೊದಲೇ ಗೊತ್ತು ಮಾಡಿಟ್ಟಿದ್ದರು. ಆಟಿಯಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ, ಹಸಿ ಮೀನಿಗೆ ಬರಗಾಲ. ಆದ್ದರಿಂದ ತಮಗೆ ಒಣ ನಂಗ್ ಮೀನು ಸಾಕು. ಕೆಂಡದ ಮೇಲೆಯೇ ಸುಡಬೇಕು, ಮೇಲಿನಿಂದ ತೆಂಗಿನೆಣ್ಣೆ ಎರಡು ಹನಿ ಬೀಳಬೇಕು. ಇದು ಅಪ್ಪಣೆ. ಸತ್ತ ಮೇಲಿನ ಊಟವನ್ನೂ ಮಳೆಗಾಲ ನೋಡಿಕೊಂಡು ಹೇಳಿಟ್ಟ ಹೆಂಗಸು ಅವರು. ಇಷ್ಟನ್ನೂ ಮುಂದೆ ನಡೆಸಬೇಕಾದವಳು, ಮನೆತನದ ಕೊನೆಯ ಹೆಣ್ಣು, ವಾರಿಜ. ಅವಳು ಮೀನು ಬಿಟ್ಟಳೆಂದರೆ ಅತ್ತೆಯ ಕಿವಿಗೆ ಕೇಳುವುದು ಬೇರೆಯೇ ಮಾತು.

ನಾನು ಹೇಳಲಿಲ್ಲ. ಇವತ್ತು ಅತ್ತೆಗೆ ತಲೆನೋವು, ನಾಳೆ ಅಮಾವಾಸ್ಯೆ, ನಾಡಿದ್ದು ನನಗೇ ಧೈರ್ಯವಿಲ್ಲ. ಹೀಗೆ ಬೇಸಗೆ ಕಳೆದು ಮಳೆ ಹಿಡಿಯಿತು. ಅಷ್ಟು ದಿನವೂ ಎರಡನೆಯ ಬಂಗುಡೆ ಸದ್ದಿಲ್ಲದೆ ನನ್ನ ಬಟ್ಟಲಿಗೆ ಬರುತ್ತಲೇ ಇತ್ತು. ಲಾಭದಲ್ಲಿ ಪಾಲಿರುವವನು ಗುಟ್ಟು ಬಿಟ್ಟುಕೊಡುವುದು ಕಷ್ಟ.

ಆಟಿಗೆ ಮೊದಲು ಒಂದು ದಿನ ಅತ್ತೆ ವಾರಿಜಳನ್ನು ಕರೆದು, "ಈ ಸಲ ಕುಲೆಗಳ ಅಡಿಗೆಗೆ ನೀನೂ ಕೈ ಹಾಕ್ಬೇಕು ಬಾಲೆ. ನನ್ನ ಮೊಣಕಾಲು ಇನ್ನೆಷ್ಟು ದಿನವೋ," ಎಂದರು. ಅವಳು ಜಗಲಿಯಲ್ಲಿದ್ದ ನನ್ನ ಮುಖ ನೋಡಿದಳು. ನಾನು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡೆ. ಅವಳು ತಾನೇ ಹೇಳಿದಳು, ಕಡ್ಡಿ ಮುರಿದ ಹಾಗೆ.

ಅತ್ತೆ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈದ ಮೇಲೆ ಅವರೇ ಊಟಕ್ಕೆ ಕರೆಯುತ್ತಿದ್ದರು. ಅಂದು ಬೈಯಲಿಲ್ಲ. "ಹಾಗಾದ್ರೆ ನನ್ನ ಎಲೆ ಖಾಲಿ," ಎಂದರು.

"ಇಲ್ಲ ಅಜ್ಜಿ! ನಾನು ಮಾಡಿ ಬಡಿಸ್ತೇನೆ. ತಿನ್ನುದಿಲ್ಲ, ಅಷ್ಟೇ. ಅಪ್ಪ ಕಳ್ಳು ಮುಟ್ಟುದಿಲ್ಲ, ಆದ್ರೂ ಅಜ್ಜನ ಎಲೆಗೆ ತಂದು ಇಡುದಿಲ್ವಾ?"

"ತರುದು ಬೇರೆ, ಮಾಡುದು ಬೇರೆ. ತಿನ್ನದವಳ ಕೈಗೆ ಉಪ್ಪು ಖಾರ ಗೊತ್ತಾಗುದಿಲ್ಲ."

ಅಷ್ಟೇ ಮಾತು. ಮರುದಿನದಿಂದ ಅತ್ತೆ ತಮ್ಮ ತಲೆಯನ್ನು ತಾವೇ ಬಾಚಿಕೊಳ್ಳತೊಡಗಿದರು. ಅಜ್ಜಿಯ ತಲೆಗೆ ಎಣ್ಣೆ ಹಾಕಿ ಬಾಚುವುದು ವಾರಿಜ ಚಿಕ್ಕಂದಿನಿಂದ ಮಾಡುತ್ತಿದ್ದ ಕೆಲಸ. ಅವಳು ಹಣಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಹಿಂದೆ ಹೋಗುತ್ತಿದ್ದಳು. ನೀನಾದರೂ ನಿನ್ನ ತಾಯಿಗೆ ಒಂದು ಮಾತು ಹೇಳು ಎಂದು ಹೆಂಡತಿಯನ್ನು ಕೇಳಿದೆ. "ಎರಡೆರಡು ಬಂಗುಡೆ ತಿನ್ಲಿಕ್ಕೆ ಬಾಯಿ ಉಂಟು ನಿಮಗೆ, ಮಾತಾಡ್ಲಿಕ್ಕೆ ಇಲ್ವಾ?" ಎಂದಳು. ಬಾಯಿದ್ದು ಸ್ವರವಿಲ್ಲದ ಪ್ರಾಣಿ ಉಳ್ಳಾಲದ ಕಡಲಿನಲ್ಲಿ ಮಾತ್ರ ಇರುವುದಲ್ಲ ಎಂದು ನನಗೆ ಆಗ ತಿಳಿಯಿತು.

ಕೊನೆಗೆ ಅತ್ತೆಯ ಎದುರು ನಿಂತೆ. "ಚಿಕ್ಕ ಮಗು ಅತ್ತೆ. ನಾಲ್ಕು ದಿನದ ಹುಚ್ಚು, ಬಿಟ್ಟು ಹೋಗ್ತದೆ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

"ಬಿಟ್ಟು ಹೋಗುವ ಹುಚ್ಚಾದ್ರೆ ನನಗೆಂತ ಚಿಂತೆ? ಅವಳು ನನ್ನ ಹಾಗೆ. ಹಿಡಿದದ್ದು ಬಿಡುವ ಜಾತಿ ಅಲ್ಲ," ಎಂದರು. ಆ ಮಾತಿನಲ್ಲಿ ದುಃಖವೂ ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತೋ ಎಂದು ನನಗೆ ಸಂಶಯ.

ಎಲೆ ಬಡಿಸುವ ದಿನ ಬಂತು. ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ಅತ್ತೆ ವಾರಿಜಳನ್ನು ಒಲೆಯ ಹತ್ತಿರ ಕರೆಯಲಿಲ್ಲ. ಅವಳು ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಬಾಳೆಯೆಲೆ ಒರೆಸುತ್ತಿದ್ದಳು. ನಾನು ನಿಷೇಧವನ್ನು ಮೀರದೆ, ಆದರೆ ಪರಿಮಳ ತಪ್ಪದಷ್ಟು ಹತ್ತಿರದಲ್ಲಿ, ಕಿಟಕಿಯ ಹೊರಗೆ ನಿಂತಿದ್ದೆ. ಮಣ್ಣಿನ ಪಾತ್ರೆಯಲ್ಲಿ ಕೋಳಿ ಪದಾರ್ಥ ಕುದಿಯುತ್ತಿತ್ತು. ಅತ್ತೆ ಸೌಟಿನಿಂದ ಕೈಯ ನಡುವಿಗೆ ಒಂದು ಹನಿ ಬಿಟ್ಟುಕೊಂಡರು. ಜೀವಮಾನವೆಲ್ಲ ಮಾಡಿದ ಹಾಗೆಯೇ ಅಂಗೈಯನ್ನು ಬಾಯಿಗೆ ಒಯ್ದು ನೆಕ್ಕಿದರು. ಒಂದು ಚಿಟಿಕೆ ಉಪ್ಪು ತೆಗೆದು ಪಾತ್ರೆಗೆ ಹಾಕಿದರು.

"ಅಜ್ಜೀ..." ಎಂದಳು ವಾರಿಜ, ಬಹಳ ಮೆಲ್ಲಗೆ.

ಅತ್ತೆಯ ಕೈ ಅಲ್ಲಿಯೇ ನಿಂತಿತು. "ಅಯ್ಯೋ ದೇವರೇ, ನಾನೆಂತ ಮಾಡಿದೆ!" ಎಂದು ಅವರು ಕುಸಿದು ಮಣೆಯ ಮೇಲೆ ಕುಳಿತರು. ಅಷ್ಟು ಗಟ್ಟಿ ಹೆಂಗಸು ಹಾಗೆ ಕಣ್ಣೀರು ಹಾಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸಂಜೆ ಹತ್ತಿರವಾಗುತ್ತಿತ್ತು. ಸುಕ್ಕವೆಂಬ ಒಣ ಪದಾರ್ಥ ಮಾಡಲೆಂದು ತೆಗೆದಿಟ್ಟ ಅರ್ಧ ಕೋಳಿ ಇನ್ನೂ ಹಸಿಯಾಗಿ ಉಳಿದಿತ್ತು, ಅರೆದ ಮಸಾಲೆಯೂ ಇತ್ತು. ಮಾಡುವವರು ಯಾರು? ಅತ್ತೆಗೆ ತಮ್ಮ ಕೈಯ ಮೇಲೆಯೇ ನಂಬಿಕೆ ಹೋಗಿತ್ತು. ನನ್ನ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದು, "ನನಗೂ ಅದೇ ಅಭ್ಯಾಸ ಅಮ್ಮ, ಕೈ ತನ್ನಷ್ಟಕ್ಕೇ ಬಾಯಿಗೆ ಹೋಗ್ತದೆ," ಎಂದಳು. ಕಿಟಕಿಯ ಹೊರಗಿದ್ದ ನನ್ನ ಹೆಸರನ್ನು ಯಾರೂ ಎತ್ತಲಿಲ್ಲ.

ವಾರಿಜ ಎದ್ದು ನಿಂತಳು. "ನಾನು ಮಾಡ್ತೇನೆ ಅಜ್ಜಿ. ನೀವು ಹೇಳಿ."

ಅತ್ತೆ ಅವಳನ್ನು ನೋಡಿದರು. ಆಮೇಲೆ ಒಲೆಯ ಮುಂದಿನ ಮಣೆ ಬಿಟ್ಟುಕೊಟ್ಟು ತಾವು ಹೊಸ್ತಿಲಿಗೆ ಬಂದು, ಬಾಯಿಗೆ ಸೆರಗು ಒತ್ತಿಕೊಂಡು ಕುಳಿತರು. ಸೆರಗಿನ ಒಳಗಿನಿಂದಲೇ ಅಪ್ಪಣೆ ಬರತೊಡಗಿತು. "ಉಪ್ಪು ಮೂರು ಬೆರಳಲ್ಲಿ ಬರುವಷ್ಟು. ಇನ್ನು ಸ್ವಲ್ಪ. ಸಾಕು, ಸಾಕು! ಕುದಿಯುವ ಸ್ವರ ಕೇಳು. ಈಗ ತೆಳು ಉಂಟು. ದಪ್ಪ ಆದಾಗ ಸ್ವರ ಬದಲಾಗ್ತದೆ." ವಾರಿಜ ಕಿವಿಗೊಟ್ಟು ಕೇಳುತ್ತಿದ್ದಳು. ಕೋಳಿಯ ತುಂಡುಗಳನ್ನು ಪಾತ್ರೆಗೆ ಹಾಕುವಾಗ ಅವಳ ಮುಖ ಬಿಳಿಚಿಕೊಂಡಿತ್ತು. ಬೇಡವೆಂದದ್ದನ್ನು ಬಿಡುವುದಕ್ಕಿಂತ, ಬೇಡವಾದದ್ದನ್ನು ಇನ್ನೊಬ್ಬರಿಗಾಗಿ ಕೈಯಾರೆ ಮಾಡಿಕೊಡುವುದು ಅವಳಿಗೆ ಹೆಚ್ಚು ಕಷ್ಟವಾಯಿತು. ಅದು ಅತ್ತೆಗೂ ಕಾಣುತ್ತಿತ್ತು.

ಎಲೆ ಬಡಿಸಿದೆವು, ಬಾಗಿಲು ಮುಚ್ಚಿದೆವು, ಜಗಲಿಯಲ್ಲಿ ಸಾಲಾಗಿ ಕುಳಿತೆವು. ಮಾವ ಬಂದು ನಿಧಾನವಾಗಿ ಉಂಡಿರಬೇಕು. ನನಗಂತೂ ಆ ಹೊತ್ತು ಮುಗಿಯಲೇ ಇಲ್ಲ. ಅತ್ತೆ ಕೆಮ್ಮಿ ಬಾಗಿಲು ತೆರೆದರು. ನಾವು ಊಟಕ್ಕೆ ಕುಳಿತೆವು, ವಾರಿಜ ಅನ್ನ, ಕೆಸುವಿನೆಲೆಯ ಪತ್ರೊಡೆ ಹಾಕಿಕೊಂಡಳು. ಮೊದಲ ತುತ್ತಿಗೇ ನನಗೆ ಗೊತ್ತಾಯಿತು, ಆದರೆ ಆ ಮನೆಯಲ್ಲಿ ಇಷ್ಟು ವರ್ಷ ಬಾಳಿದವನಾದ್ದರಿಂದ ಬಾಯಿ ಬಿಡಲಿಲ್ಲ.

"ಉಪ್ಪು ಒಂದು ಚೂರು ಕಮ್ಮಿ," ಎಂದರು ಅತ್ತೆ.

ವಾರಿಜಳ ಮುಖ ಬಾಡಿತು.

"ಕಮ್ಮಿಯೇ ಆಗ್ಬೇಕು ಮಾರಾಯ್ತಿ! ಸರಿ ಇದ್ರೆ ಯಾರೋ ನೆಕ್ಕಿದ್ದಾರೆ ಅಂತ ಲೆಕ್ಕ. ಈ ಮನೆಯಲ್ಲಿ ಇಷ್ಟು ವರ್ಷ ಕುಲೆಗಳ ಎಲೆಗೆ ಉಪ್ಪು ಸರಿಯಾಗಿಯೇ ಇತ್ತು," ಎಂದು ಅತ್ತೆ ನನ್ನ ಹೆಂಡತಿಯ ಕಡೆ ನೋಡಿದರು, ಆಮೇಲೆ ತಮ್ಮ ಅಂಗೈ ನೋಡಿಕೊಂಡರು. ಮೊದಲು ನಕ್ಕವರು ಅವರೇ. ನಗು ನಿಂತ ಮೇಲೆ ನನ್ನ ಕಡೆ ತಿರುಗಿ, ಸಾಕ್ಷಿಗೆ ಹೇಳುವ ಹಾಗೆ ಹೇಳಿದರು: "ನನ್ನ ಎಲೆಗೆ ಇವಳೇ ಮಾಡ್ಬೇಕು. ನಂಬುವ ಕೈ ಇದೊಂದೇ. ಕೋಳಿ ಗೀಳಿ ಬೇಡ. ಒಣ ನಂಗ್ ಸಾಕು. ಅದು ಹೇಗೂ ಇವಳ ಕೈಗೆ ಬರುವ ಮೊದಲೇ ಸತ್ತು ತಿಂಗಳಾಗಿರ್ತದೆ. ಮುಟ್ಲಿಕ್ಕೆ ಮನಸ್ಸಾಗದಿದ್ರೆ ಇಕ್ಕಳದಲ್ಲಿ ಹಿಡಿಯಲಿ."

ಮರುದಿನ ಬೆಳಿಗ್ಗೆ ಅತ್ತೆ ಹಿತ್ತಲ ಮೆಟ್ಟಿಲಲ್ಲಿ ಕುಳಿತು, "ಹಣಿಗೆ ಎಲ್ಲಿ ಹೋಯಿತು?" ಎಂದು ಕೂಗಿದರು. ಹಣಿಗೆ ಅವರ ಕೈಯಲ್ಲಿಯೇ ಇತ್ತು. ವಾರಿಜ ಓಡಿ ಹೋದಳು.

ಈಗ ಯುದ್ಧ ಬಂದು, ಅಕ್ಕಿಗೆ ಸಾಲು ನಿಲ್ಲುವ ಕಾಲ ಬಂದಿದೆ. ಅತ್ತೆ ಇಲ್ಲ. ಆಟಿಯಲ್ಲಿ ವಾರಿಜ ಮೂಗಿಗೆ ಸೆರಗು ಕಟ್ಟಿಕೊಂಡು, ಇಕ್ಕಳದಲ್ಲಿ ಹಿಡಿದು, ಕೆಂಡದ ಮೇಲೆ ಒಣ ನಂಗ್ ಸುಡುತ್ತಾಳೆ. ತೆಂಗಿನೆಣ್ಣೆ ಎರಡು ಹನಿ ತಪ್ಪುವುದಿಲ್ಲ. ಅವಳಿಗೆ ಮದುವೆಯಾಗಿದೆ, ಜಗಲಿಯಲ್ಲಿ ನನ್ನ ಪಕ್ಕ ಕೂರಲು ಇನ್ನೊಬ್ಬ ಬಂದಿದ್ದಾನೆ. ಒಳ್ಳೆಯ ಹುಡುಗ. ಎರಡನೆಯ ಬಂಗುಡೆ ಈಗ ಅವನ ಬಟ್ಟಲಿಗೆ ಬೀಳುತ್ತದೆ. ಅದು ಗೌರವವೆಂದು ಅವನು ತಿಳಿದಿರುವ ಹಾಗಿದೆ. ನಾನು ತಿದ್ದಲು ಹೋಗಿಲ್ಲ.

ನನ್ನ ಎಲೆ ಕ್ರಮದಂತೆ ಈ ಮನೆಯದಲ್ಲ. ನಾನು ನನ್ನ ತಾಯಿಯ ಮನೆತನಕ್ಕೆ ಸೇರಿದವನು, ಕಾವೂರಿನಲ್ಲಿ ಅಕ್ಕನ ಹೆಣ್ಣುಮಕ್ಕಳು ಬಡಿಸಬೇಕು. ಮೊನ್ನೆ ನನಗೆ ಜ್ವರ ಬಂದು ಮಲಗಿದ್ದಾಗ ವಾರಿಜ ಗಂಜಿ ತಂದಿಟ್ಟು, "ಅಪ್ಪ, ಕಾವೂರಿನವರು ಅವರಷ್ಟಕ್ಕೆ ಮಾಡ್ಲಿ. ನಾನು ಇಲ್ಲಿಯೂ ನಿಮಗೊಂದು ಎಲೆ ಇಡ್ತೇನೆ, ಕ್ರಮ ಇಲ್ಲದಿದ್ರೆ ಇಲ್ಲ. ಎಂತ ಬೇಕು ಹೇಳಿ," ಎಂದಳು. ಇಂಥ ಮಾತನ್ನು ಅಷ್ಟು ಸಲೀಸಾಗಿ ಕೇಳಲು ಅವಳ ಅಜ್ಜಿಯೇ ಕಲಿಸಿರಬೇಕು.

"ಬಂಗುಡೆ," ಎಂದೆ. "ಎರಡು."

"ಆಟಿಯಲ್ಲಿ ಬಂಗುಡೆ ಎಲ್ಲಿಂದ ತರುದು!" ಎಂದಳು. ಅತ್ತೆಯಷ್ಟು ಮುಂದಾಲೋಚನೆ ನನಗೆ ಎಂದೂ ಇರಲಿಲ್ಲ. ಒಣಗಿಸಿದ್ದಾದರೂ ಅಡ್ಡಿಯಿಲ್ಲ ಎಂದೆ.

"ಎರಡು ಯಾಕೆ?"

"ಒಂದು ನನ್ನದು. ಇನ್ನೊಂದು ನಿನ್ನ ಪಾಲಿನದು. ಅದಿಲ್ಲದಿದ್ರೆ ಎಲೆ ಖಾಲಿ ಕಾಣ್ತದೆ ಮಗಾ."

ವಾರಿಜ ಗಂಜಿಯನ್ನು ಕದಡಿ ನನ್ನ ಕೈಗೆ ಕೊಟ್ಟಳು. ಆಮೇಲೆ, "ಉಪ್ಪು ಕಮ್ಮಿ ಆದ್ರೆ ಹೇಳ್ಬಾರ್ದು," ಎಂದಳು.